ಕುರ್ಚಿ ಹೊರುವ ಇಂಟರ್ನ್‌ಶಿಪ್

ಆ ವರ್ಷ ಚೂಟಿ ಓದುತ್ತಿದ್ದುದು ಮೆಕ್ಯಾನಿಕಲ್ ಎಂಜಿನಿಯರಿಂಗು, ಮಾಡುತ್ತಿದ್ದುದು ಕುರ್ಚಿ ಹೊರುವ ಕೆಲಸ.

ಕಬ್ಬಿಣದ ಮಡಚು ಕುರ್ಚಿಗಳು. ಹುಷಾರು ತಪ್ಪಿದರೆ ಬೆರಳು ಕಚ್ಚಿಬಿಡುವಂಥವು. ಗೋದಾಮಿನಿಂದ ಎಳೆದು, ಧೂಳು ಒರೆಸಿ, ಹೆಗಲಿಗೇರಿಸಿ, ಮೆಟ್ಟಿಲು ಹತ್ತಿ ಮೇಲಿನ ಸಭಾಂಗಣಕ್ಕೆ ಸಾಗಿಸಬೇಕು. ಸಂಜೆ ಅವನ್ನೇ ಮತ್ತೆ ಕೆಳಗಿಳಿಸಬೇಕು. ಮೆಟ್ಟಿಲಿನ ತಿರುವಿನಲ್ಲಿ ಕುರ್ಚಿಯ ಕಾಲು ಗೋಡೆಗೆ ತಾಗಿದರೆ ಸುಣ್ಣ ಉದುರುತ್ತಿತ್ತು. ಸುಣ್ಣ ಉದುರಿದರೆ ಬೈಗುಳ ಉದುರುತ್ತಿತ್ತು. ಅವಳ ಹೆಗಲ ಮೇಲೆ ಕೆಂಪು ಬರೆಗಳೆದ್ದಿದ್ದವು. ತಲೆ ಬಾಚಲು ಕೈಯೆತ್ತಿದರೆ ರಟ್ಟೆ ಚುಳ್ಳೆನ್ನುತ್ತಿತ್ತು.

ಕಾಲೇಜಿನಲ್ಲಿ ಒಂದು ನಿಯಮವಿತ್ತು. ಕೊನೆಯ ವರ್ಷದಲ್ಲಿ ಯಾವುದಾದರೂ ಕಂಪನಿಯಲ್ಲಿ ಇಂಟರ್ನ್‌ಶಿಪ್ ಮಾಡದಿದ್ದರೆ ಡಿಗ್ರಿ ಇಲ್ಲ. ವಿದ್ಯಾರ್ಥಿಗಳನ್ನು ಅದಕ್ಕೆ ತಯಾರು ಮಾಡಲು, ಕಂಪನಿಗಳನ್ನು ಹುಡುಕಿ ತರಲು ಒಂದು ವಿಭಾಗವಿತ್ತು. ಆ ವಿಭಾಗದ ಮುಖ್ಯಸ್ಥರಿಗೆ ಹುಡುಗರು ಇಟ್ಟಿದ್ದ ಹೆಸರು ಟೈ ಸರ್. ಸೆಖೆಗೆ ಫ್ಯಾನಿನ ರೆಕ್ಕೆಯೇ ಕರಗಿ ಬೀಳುವಂಥ ದಿನದಲ್ಲೂ ಅವರ ಟೈ ಕುತ್ತಿಗೆ ಬಿಟ್ಟು ಕದಲುತ್ತಿರಲಿಲ್ಲ.

ವರ್ಷದ ಆರಂಭದಲ್ಲೇ ಟೈ ಸರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಆರಿಸಿದ್ದರು. ಕಾಳು ಆರಿಸುವಂತೆ. ಒಬ್ಬೊಬ್ಬರೂ ಮುಂದೆ ಬಂದು ಇಂಗ್ಲಿಷಿನಲ್ಲಿ ತಮ್ಮ ಪರಿಚಯ ಹೇಳಿಕೊಳ್ಳಬೇಕು. ಅವರು ಕಿವಿಗಿಂತ ಹೆಚ್ಚಾಗಿ ಕಣ್ಣಿನಿಂದಲೇ ಕೇಳಿಸಿಕೊಂಡರು. ಮುಖ ನೋಡಿದರು, ಅಂಗಿ ನೋಡಿದರು, ಕೊನೆಗೆ ಚಪ್ಪಲಿ ನೋಡಿ ತೀರ್ಪು ಕೊಟ್ಟರು. ಪಾಸಾದವರಿಗೆ ಕಾಲೇಜಿನ ನೀಲಿ ಕೋಟು. ಉಳಿದವರಿಗೆ ಹಳದಿ ಟೋಪಿ. ಕೋಟುಗಳು ಕಂಪನಿಯವರ ಮುಂದೆ ಕೂರುವವರು. ಟೋಪಿಗಳು ಕುರ್ಚಿ ಹಾಕಿ, ಬ್ಯಾನರ್ ಕಟ್ಟಿ, ನೀರಿನ ಕ್ಯಾನ್ ಹೊತ್ತು, ಟೀ ಕೊಡುವವರು.

ಟೋಪಿ ಸಿಕ್ಕವರೆಲ್ಲ ಹೆಚ್ಚುಕಡಿಮೆ ಒಂದೇ ಥರದ ಮನೆಗಳಿಂದ ಬಂದವರಾಗಿದ್ದರು. ಚೂಟಿ ಊರಿನ ಚರಂಡಿ ಓಣಿಯವಳು. ಮೌನಿ ಎಂಬ ಸಿವಿಲ್ ಹುಡುಗನ ತಾಯಿ ಹೆದ್ದಾರಿಗೆ ಜಲ್ಲಿ ಒಡೆದವಳು. ಅವನಿಗೆ ಮಾತಾಡುವಾಗ ತೊದಲು. ಉದ್ದ ಎಂಬವನು ತಲೆಬಾಗಿಸದೆ ಬಾಗಿಲು ದಾಟಲಾರದಷ್ಟು ಎತ್ತರದ ಹುಡುಗ, ಹಮಾಲಿಯ ಮಗ. ಇದು ಆಕಸ್ಮಿಕ ಎಂದು ಟೈ ಸರ್ ಹೇಳುತ್ತಿದ್ದರು.

“ನಮಗ್ಯಾಕೆ ಸರ್ ಕೋಟಿಲ್ಲ?” ಎಂದು ಚೂಟಿ ಅಂದೇ ಕೇಳಿದ್ದಳು.

“ಕಂಪನಿಯವರ ಎದುರಿಗೆ ಕಾಲೇಜಿನ ಮಾನ ಹೋಗಬಾರದು ನೋಡು.”

“ನಾವು ಹೋದ್ರೆ ಅದೂ ಹೋಗುತ್ತಾ ಸರ್?”

“ಹೋಗದೇ ಇರಲಿ ಅಂತಲೇ ನಿಮಗೆ ಬೇರೆ ವ್ಯವಸ್ಥೆ ಮಾಡಿದೀನಿ. ವರ್ಷವಿಡೀ ಸೇವೆ ಮಾಡಿ. ಸಮಾರಂಭ ನಿರ್ವಹಣೆ ಅಂತ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ನಾನೇ ಕೊಡ್ತೀನಿ. ಡಿಗ್ರಿ ಸಿಗುತ್ತೆ. ಇನ್ನೇನು ಬೇಕು?”

ಅಂದರೆ ಬೇರೆಯವರ ಇಂಟರ್ನ್‌ಶಿಪ್ಪಿಗೆ ಕುರ್ಚಿ ಹೊರುವುದೇ ಇವರ ಇಂಟರ್ನ್‌ಶಿಪ್. ಉದ್ದ ಆ ಸಂಜೆ ಗೋದಾಮಿನ ಬಾಗಿಲಲ್ಲಿ ಕೂತು, “ನಮ್ಮಪ್ಪ ಮೂಟೆ ಹೊರೋಕೆ ಯಾವ ಕಾಲೇಜಿಗೂ ಹೋಗಿರಲಿಲ್ಲ. ನಾನು ಎಂಜಿನಿಯರಿಂಗ್ ಓದ್ಕೊಂಡು ಹೊರ್ತಾ ಇದೀನಿ. ವಂಶ ಉದ್ಧಾರ ಆಯ್ತು,” ಎಂದ. ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಆದರೆ ಟೈ ಸರ್ ಒಂದು ವಿಷಯ ಮರೆತಿದ್ದರು. ಟೋಪಿ ಹಾಕಿದವರಿಗೂ ಅದರ ಕೆಳಗೆ ಕಿವಿ ಇರುತ್ತದೆ.

ಕೋಟುಗಳಿಗೆ ನಡೆಯುತ್ತಿದ್ದ ತರಬೇತಿ ಕ್ಲಾಸಿನಲ್ಲಿ ಮೈಕು ಹಿಡಿಯುವವರು, ಪರದೆ ಎಳೆಯುವವರು, ಬೋರ್ಡು ಒರೆಸುವವರು ಎಲ್ಲ ಟೋಪಿಗಳೇ. ಹಿಂದಿನ ಗೋಡೆಗೆ ಒರಗಿ ನಿಂತು ಅವರು ಎಲ್ಲವನ್ನೂ ಕೇಳಿಸಿಕೊಂಡರು. ಬಯೋಡೇಟಾ ಹೇಗಿರಬೇಕು, ಕಂಪನಿಗೆ ಪತ್ರ ಹೇಗೆ ಬರೆಯಬೇಕು, ಗೊತ್ತಿಲ್ಲದ್ದು ಕೇಳಿದಾಗ ಗೊತ್ತಿಲ್ಲ ಎಂದು ಗೊತ್ತಾಗದ ಹಾಗೆ ಹೇಗೆ ಹೇಳಬೇಕು. ಕ್ಲಾಸು ತೆಗೆದುಕೊಳ್ಳುತ್ತಿದ್ದವಳು ಹೊರಗಿನಿಂದ ಬರುತ್ತಿದ್ದ ಒಬ್ಬ ಮೇಡಂ. ನಗುವುದು ಹೇಗೆ ಎಂಬುದಕ್ಕೇ ಅವಳು ಎರಡು ಪೂರ್ತಿ ಕ್ಲಾಸು ಮೀಸಲಿಟ್ಟಿದ್ದಳು. ಹಾಗಾಗಿ ಅವಳು ನಗು ಮೇಡಂ.

“ಹಲ್ಲು ಸ್ವಲ್ಪ ಕಾಣಬೇಕು. ಒಸಡು ಕಾಣಬಾರದು,” ಎನ್ನುತ್ತಿದ್ದಳು.

ಕೋಟುಗಳು ಸಾಲಾಗಿ ಕೂತು ಒಸಡು ಮುಚ್ಚಿಕೊಂಡು ನಗುತ್ತಿದ್ದರು. ಹಿಂದೆ ನಿಂತ ಟೋಪಿಗಳು ಒಸಡು ಬಿಟ್ಟುಕೊಂಡೇ ನಗುತ್ತಿದ್ದರು.

ಒಂದು ದಿನ ಪ್ರಾತ್ಯಕ್ಷಿಕೆಗೆ ಯಾವ ಕೋಟೂ ಎದ್ದು ಬರಲಿಲ್ಲ. ಎಲ್ಲರಿಗೂ ನಾಚಿಕೆ. ಮೇಡಂ ಹಿಂದಕ್ಕೆ ಕಣ್ಣು ಹಾಯಿಸಿ, “ಏ ಟೋಪಿ ಹುಡುಗಿ, ನೀನು ಬಾ,” ಎಂದಳು. ಚೂಟಿ ಮೈಕನ್ನು ಉದ್ದನ ಕೈಗಿತ್ತು ಮುಂದೆ ಹೋಗಿ ಕೂತಳು.

“ನಿನ್ನ ತಂದೆ ಏನು ಮಾಡ್ತಾರೆ?”

“ಚರಂಡಿ ತೋಡ್ತಾರೆ ಮೇಡಂ.”

ಮೊದಲು ಒಂದು ಕೋಟು ಕಿಸಕ್ಕೆಂದಿತು. ಆಮೇಲೆ ಇಡೀ ಸಾಲು. ಮುಂದಿನ ಬೆಂಚಿನ ಹುಡುಗನೊಬ್ಬ ಎರಡು ಬೆರಳಲ್ಲಿ ಮೂಗು ಹಿಡಿದುಕೊಂಡ. ಚೂಟಿ ಬೆಳಿಗ್ಗೆ ಸ್ನಾನ ಮಾಡಿಯೇ ಬಂದಿದ್ದಳು. ಆದರೂ ಅವಳಿಗೆ ಗೊತ್ತಿಲ್ಲದೆ ಅವಳ ಮೂಗು ತನ್ನದೇ ತೋಳಿನತ್ತ ಒಂದು ಸಲ ಬಾಗಿತು. ಅದಕ್ಕಾಗಿ ಅವಳು ಆಮೇಲೆ ಬಹಳ ದಿನ ತನ್ನ ಮೇಲೇ ಸಿಟ್ಟಾಗಿದ್ದಳು.

“ಹಾಗೆಲ್ಲ ನೇರ ಹೇಳಬಾರದು,” ಎಂದಳು ಮೇಡಂ. ಅವಳದು ಕೆಟ್ಟ ಮನಸ್ಸಲ್ಲ, ಕಲಿಸುವ ಉತ್ಸಾಹ. “ಚೆನ್ನಾಗಿರೋ ಮಾತಲ್ಲಿ ಹೇಳ್ಬೇಕು. ದ್ರವ ನಿರ್ವಹಣಾ ಕ್ಷೇತ್ರದಲ್ಲಿದ್ದಾರೆ ಅನ್ನು.”

“ನಮ್ಮಪ್ಪ ದ್ರವ ಒಂದೇ ಅಲ್ಲ ಮೇಡಂ, ಘನವನ್ನೂ ನಿರ್ವಹಿಸ್ತಾರೆ.”

ಈ ಸಲ ಹಿಂದಿನ ಗೋಡೆ ನಕ್ಕಿತು. ಬಾಗಿಲಲ್ಲಿ ನಿಂತಿದ್ದ ಟೈ ಸರ್ ಮಾತ್ರ ನಗಲಿಲ್ಲ. ಅಂದಿನಿಂದ ಕೋಟುಗಳ ಬಾಯಲ್ಲಿ ಅವಳ ಹೆಸರು ದ್ರವ. ಕ್ಯಾಂಟೀನಿನಲ್ಲಿ ಅವಳು ಬಂದು ಕೂತರೆ, “ಸೋರ್ತಾ ಇದೆ, ಒರೆಸ್ರೋ,” ಎನ್ನುತ್ತಿದ್ದರು.

ಅವಳ ಅಪ್ಪ ನಗರಸಭೆಯ ಚರಂಡಿ ಕೆಲಸದವನು. ಬೆಳಿಗ್ಗೆ ಸಲಾಕೆ, ಗುದ್ದಲಿ, ಬಾಂಡ್ಲಿ ತಗೊಂಡು ಹೊರಟರೆ ಸೊಂಟದ ತನಕ ಇಳಿದು ಎಳೆದೆಳೆದು ಹಾಕಬೇಕು. ಊರಿನವರು ತಿಂದದ್ದು, ಎಸೆದದ್ದು, ಮುಚ್ಚಿಟ್ಟದ್ದು ಎಲ್ಲ ಅವನ ಕೈಗೆ ಬರುತ್ತಿತ್ತು. ಕೆಸರಲ್ಲಿ ಗಾಜಿದ್ದರೆ ಅಂಗಾಲಿಗೆ ಗೊತ್ತಾದ ಮೇಲೆಯೇ ಕಣ್ಣಿಗೆ ಗೊತ್ತಾಗುತ್ತಿದ್ದುದು. ಮನೆಗೆ ಬಂದವನು ಹೊರಗಿನ ನಲ್ಲಿಯ ಕೆಳಗೆ ಕೂತು ಚರ್ಮ ಕಿತ್ತುಬರುವಂತೆ ಉಜ್ಜಿಕೊಳ್ಳುತ್ತಿದ್ದ. ಉಜ್ಜಿಕೊಂಡ ಮೇಲೂ ಮಗಳ ತಲೆ ನೇವರಿಸುವ ಮುಂಚೆ ಕೈಯನ್ನು ಒಂದು ಸಲ ಮೂಸಿ ನೋಡಿಕೊಳ್ಳುತ್ತಿದ್ದ.

ಚೂಟಿಗೆ ತಾಯಿ ಇರಲಿಲ್ಲ. ಸಾಕಿದವಳು ಅಪ್ಪನ ಅಕ್ಕ, ಅತ್ತೆ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಅವಳ ಕೆಲಸ. ಕುದಿನೀರಿನ ಹಬೆಯಲ್ಲಿ ಬೆಂದು ಬೆಂದು ಅವಳ ಬೆರಳುಗಳು ಸದಾ ಸುಕ್ಕಾಗಿರುತ್ತಿದ್ದವು. ಬಾಯಿ ಮಾತ್ರ ಒಂದಿಷ್ಟೂ ಸುಕ್ಕಾಗಿರಲಿಲ್ಲ.

“ದ್ರವ ಅಂತಾರಾ?” ಎಂದಳು ಅತ್ತೆ, ವಿಷಯ ಕೇಳಿ. “ಅವರ ಮನೆಯೋರು ಹೊಟ್ಟೆ ಕೆಟ್ಟು ಆಸ್ಪತ್ರೇಲಿ ಮಲಗಿದಾಗ ಅವರ ಹಾಸಿಗೆ ಬಟ್ಟೆ ನನ್ನ ಹತ್ರಾನೇ ಬರುತ್ತೆ ಕಣೇ. ಯಾರ ದ್ರವ ಯಾವ ಬಣ್ಣ ಅಂತ ನನ್ನನ್ನ ಕೇಳ್ಲಿ.” ಆಮೇಲೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೇಳಿದಳು: “ಅದಿರಲಿ, ಆ ನಗೋ ಮೇಡಮ್ಮು ಏನೇನು ಕಲಿಸ್ತಾಳೆ ಹೇಳು. ಎಲ್ಲ ಕದ್ಕೊಂಡು ಬಾ. ನಾವಿಲ್ಲಿ ಕ್ಲಾಸ್ ಮಾಡೋಣ.”

ಹಾಗೆ ಶುರುವಾಯಿತು. ಭಾನುವಾರ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ, ಒಗೆದ ಬಟ್ಟೆಯ ಗುಡ್ಡೆಗಳ ನಡುವೆ, ಟೋಪಿಗಳ ತರಬೇತಿ. ಅತ್ತೆ ದೊಡ್ಡದೊಂದು ಗಂಟಿನ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಕಂಪನಿಯ ಯಜಮಾನಿಯಾಗುತ್ತಿದ್ದಳು. ಅವಳದು ಒಂದೇ ಷರತ್ತು. “ನೀವು ಓದಿರೋದನ್ನ ನನಗೆ ಅರ್ಥ ಆಗೋ ಹಾಗೆ ಹೇಳ್ಬೇಕು. ಅರ್ಥ ಆಗ್ಲಿಲ್ವಾ, ಹೊದಿಕೆ ಮಡಚ್ಬೇಕು.”

ಮೊದಮೊದಲು ಎಲ್ಲರೂ ರಾಶಿ ರಾಶಿ ಹೊದಿಕೆ ಮಡಚಿದರು. ಉದ್ದ ಗೇರುಬಾಕ್ಸಿನ ಬಗ್ಗೆ ಹೇಳಹೊರಟು ಬಾಯಿಪಾಠ ಒಪ್ಪಿಸಿದ. “ಸಾಕು ಸಾಕು, ಮಡಚು,” ಎಂದಳು ಅತ್ತೆ. ಚೂಟಿ ಪಂಪಿನ ಬಗ್ಗೆ ಶುರು ಮಾಡಿದಳು. “ನೀನು ಮನೆ ಹುಡುಗಿ ಅಂತ ಬಿಡಲ್ಲ. ನೀನೂ ಮಡಚು.” ಅತ್ತೆಯ ಕೆಲಸ ಬೇಗ ಮುಗಿಯುತ್ತಿತ್ತು. ಅದಕ್ಕೇ ಅವಳು ಕ್ಲಾಸು ತೆಗೆದಳೋ ಏನೋ ಎಂದು ಉದ್ದನಿಗೆ ಕೊನೆಯವರೆಗೂ ಅನುಮಾನವಿತ್ತು.

ಮೌನಿಯ ಸರದಿ ಬಂದಾಗ ಅವನಿಗೆ ಮೊದಲ ಅಕ್ಷರವೇ ಹೊರಡಲಿಲ್ಲ. ಕುತ್ತಿಗೆಯ ನರ ಉಬ್ಬಿತು. ಕಣ್ಣಲ್ಲಿ ನೀರು ಬಂತು. ಎಲ್ಲರೂ ನೆಲ ನೋಡಿದರು.

“ಅವಸರ ಏನಪ್ಪಾ?” ಎಂದಳು ಅತ್ತೆ. “ನಾನೆಲ್ಲಿಗೂ ಓಡಿಹೋಗಲ್ಲ. ಇಷ್ಟು ಬಟ್ಟೆ ಒಣಗೋ ತನಕ ಇಲ್ಲೇ ಬಿದ್ದಿರ್ತೀನಿ. ನಿನ್ನ ಮಾತು ಬರೋವಾಗ ಬರ್ಲಿ.”

ಮಾತು ಬಂತು. ನಿಧಾನವಾಗಿ, ಒಂದೊಂದೇ ಕಲ್ಲು ಇಟ್ಟು ಗೋಡೆ ಕಟ್ಟಿದಂತೆ. ಸೇತುವೆಯ ಕೆಳಗಿನ ಕಂಬ ನೀರಲ್ಲಿ ಹೇಗೆ ನಿಲ್ಲುತ್ತದೆಂದು ಅವನು ಹೇಳಿ ಮುಗಿಸಿದಾಗ ಅತ್ತೆ ಬಾಯಿ ತೆರೆದುಕೊಂಡು ಕೂತಿದ್ದಳು. “ಇವನಿಗೆ ಕೆಲಸ ಕೊಟ್ಟೆ,” ಎಂದಳು. “ನಾಳೆಯಿಂದ ಬಾ. ಸೇತುವೆ ಎಲ್ಲಿ ಅಂತ ಆಮೇಲೆ ನೋಡೋಣ.”

ಹೀಗಿರುವಾಗ ದೊಡ್ಡ ಕಂಪನಿಯೊಂದು ಬರುವ ದಿನ ಬಂತು. ಲಿಫ್ಟು, ಕ್ರೇನು ತಯಾರಿಸುವ ಕಂಪನಿ. ಅದರ ಕಡೆಯಿಂದ ನರೆಗೂದಲಿನ ಒಬ್ಬ ಎಂಜಿನಿಯರಮ್ಮ, ಜೊತೆಗೆ ಒಬ್ಬ ತರುಣ ಅಧಿಕಾರಿ. ಟೋಪಿಗಳು ಮುಂಜಾನೆಯೇ ಬಂದು ಮೇಲಿನ ಪಡಸಾಲೆಯಲ್ಲಿ ಕುರ್ಚಿ ಸಾಲು ಹಾಕಿದರು. ಬ್ಯಾನರ್ ಕಟ್ಟಿದರು. ಹೂಕುಂಡ ಹೊತ್ತು ತಂದರು. ಸಂದರ್ಶನ ಕೋಣೆಯ ಮೇಜು ಒರೆಸಿದರು. ಕೋಟುಗಳು ಕೆಳಗಿನ ಕೋಣೆಯಲ್ಲಿ ಕನ್ನಡಿ ಮುಂದೆ ನಗು ಸರಿಮಾಡಿಕೊಳ್ಳುತ್ತಿದ್ದರು.

ಅತಿಥಿಗಳು ಬಂದು ಟೀ ಕುಡಿದು ಒಳಗೆ ಕೂತರು. ಕೋಟುಗಳು ಮೇಲೆ ಬಂದು ಪಡಸಾಲೆಯಲ್ಲಿ ಗುಂಪಾದರು. ಅಷ್ಟರಲ್ಲಿ ಅತಿಥಿಗಳಿಗೆಂದೇ ಬೀಗ ಹಾಕಿಟ್ಟಿದ್ದ ಕಕ್ಕಸ್ಸು ಕಟ್ಟಿಕೊಂಡು ನೀರು ಹೊಸ್ತಿಲು ದಾಟಿತು. ತೊಳೆಯುವವರು ಅಂದು ರಜೆಯಲ್ಲಿದ್ದರು. ಟೈ ಸರ್ ಫೋನು ಹಿಡಿದು ಅತ್ತಿಂದಿತ್ತ ಓಡಾಡಿದರು. ಯಾರೂ ಬರುವಂತಿರಲಿಲ್ಲ. ಅವರ ಕಣ್ಣು ಪಡಸಾಲೆಯ ತುಂಬ ಸುತ್ತಿ ಸುತ್ತಿ ಚೂಟಿಯ ಮೇಲೆ ನಿಂತಿತು.

“ಬಾ ಇಲ್ಲಿ.” ಬಕೆಟ್ಟೊಂದನ್ನು, ತುದಿಯಲ್ಲಿ ರಬ್ಬರ್ ಬಟ್ಟಲಿದ್ದ ಕೋಲೊಂದನ್ನು ಅವಳ ಮುಂದೆ ಚಾಚಿದರು. “ಸ್ವಲ್ಪ ನೋಡು. ನಿನಗೆ ಗೊತ್ತಿರುತ್ತಲ್ಲ.”

ಚೂಟಿ ಕಣ್ಣು ಪಿಳಿಪಿಳಿ ಬಿಟ್ಟಳು. “ಏನು ಗೊತ್ತಿರುತ್ತೆ ಸರ್?”

“ಅದೇ. ನಿಮ್ಮ ಮನೇಲಿ ಅಭ್ಯಾಸ ಇರುತ್ತಲ್ಲ.”

“ಯಾವ ಅಭ್ಯಾಸ ಸರ್? ಕಕ್ಕಸ್ಸಿಗೆ ಹೋಗೋ ಅಭ್ಯಾಸವಾ? ಅದು ಎಲ್ಲರ ಮನೇಲೂ ಇರುತ್ತೆ. ನಿಮ್ಮ ಮನೇಲಿಲ್ವಾ?”

ಯಾರೋ ಕಿಸಕ್ಕೆಂದರು. ಟೈ ಸರ್ ಮುಖ ಕೆಂಪಾಯಿತು. ಒಳಗೆ ಅತಿಥಿಗಳಿದ್ದರು. ಕೂಗುವಂತಿರಲಿಲ್ಲ. ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದರು. “ತಲೆಹರಟೆ ಬೇಡ. ನಿಮ್ಮಪ್ಪ ಮಾಡೋ ಕೆಲಸ ತಾನೇ? ನಿನಗೇನು ಹೊಸದಾ? ಸರ್ಟಿಫಿಕೇಟ್ ಬೇಕೋ ಬೇಡ್ವೋ?”

ಕೋಟುಗಳು ನೋಡುತ್ತಿದ್ದರು. ಟೋಪಿಗಳು ನೋಡುತ್ತಿದ್ದರು. ಚೂಟಿ ನೋಡಿದ್ದು ತನ್ನ ಕೈಯನ್ನು. ಅದು ಅವಳ ಮಾತು ಕೇಳದೆ ಆಗಲೇ ಬಕೆಟ್ಟಿನತ್ತ ಚಾಚಿಕೊಂಡಿತ್ತು. ವರ್ಷವಿಡೀ ಕುರ್ಚಿ ಹೊತ್ತ ಕೈ. ಹೊರು ಅಂದರೆ ಹೊರುವುದು, ಇಡು ಅಂದರೆ ಇಡುವುದು ಅದಕ್ಕೆ ರೂಢಿಯಾಗಿಬಿಟ್ಟಿತ್ತು. ಅಪ್ಪನ ಕೈಗೆ ರೂಢಿಯಾದಂತೆ. ಅತ್ತೆಯ ಕೈಗೆ ರೂಢಿಯಾದಂತೆ.

ಅವಳು ಕೈ ಹಿಂದಕ್ಕೆಳೆದುಕೊಂಡಳು.

“ಮಾಡಲ್ಲ ಸರ್.”

“ಏನಂದೆ?”

“ಮಾಡಲ್ಲ ಅಂದೆ. ನಮ್ಮಪ್ಪ ಮಾಡ್ತಾನೆ, ಅದು ಅವನ ನೌಕರಿ. ನಾನಿಲ್ಲಿ ಮೆಕ್ಯಾನಿಕಲ್ ಓದೋಕೆ ಬಂದಿದೀನಿ.”

ತಲೆಯ ಮೇಲಿದ್ದ ಹಳದಿ ಟೋಪಿ ತೆಗೆದಳು. ಟೈ ಸರ್ ಹಿಡಿದಿದ್ದ ಬಕೆಟ್ಟಿನೊಳಗೆ ಮೆಲ್ಲಗೆ ಹಾಕಿದಳು. ತಿರುಗಿ ನಡೆದು, ಬೆಳಿಗ್ಗೆ ತಾನೇ ಹೊತ್ತು ತಂದು ಹಾಕಿದ್ದ ಸಾಲಿನ ಮೊದಲ ಕುರ್ಚಿಯಲ್ಲಿ ಕೂತಳು. ಕಾಲ ಮೇಲೆ ಕಾಲು ಹಾಕಿಕೊಂಡಳು. ಅತ್ತೆಯ ಹಾಗೆ.

ಆಮೇಲೆ ಉದ್ದ ಬಂದ. ಬಕೆಟ್ಟಿಗೆ ಟೋಪಿ ಹಾಕಿ, “ಕ್ಷಮಿಸಿ ಸರ್, ಕಾಲು ನೋಯ್ತಾ ಇದೆ,” ಎಂದು ಎರಡನೇ ಕುರ್ಚಿಯಲ್ಲಿ ಕೂತ. ಮೌನಿ ಬಂದ. ಟೋಪಿ ಹಾಕಿ ಕೂತ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಬಕೆಟ್ಟು ಟೋಪಿಗಳಿಂದ ತುಂಬಿತು. ಕುರ್ಚಿಗಳು ತುಂಬಿದವು. ನೀಲಿ ಕೋಟುಗಳಿಗೆ ಕೂರಲು ಜಾಗವಿರಲಿಲ್ಲ. ಗೋಡೆಗೆ ಒರಗಿ ನಿಂತರು.

“ಏಳ್ರೋ,” ಎಂದರು ಟೈ ಸರ್ ಪಿಸುಮಾತಲ್ಲಿ. “ಏಳ್ರೋ ಅಂದೆ.”

ಚೂಟಿ ಅವರನ್ನು ನೋಡಿ ನಕ್ಕಳು. ಕಲಿಸಿದ್ದ ರೀತಿಯಲ್ಲೇ ನಕ್ಕಳು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಎಂಜಿನಿಯರಮ್ಮ ಹೊರಗೆ ಇಣುಕಿದಳು. ಟೈ ಸರ್ ಬಕೆಟ್ಟನ್ನು ಬೆನ್ನ ಹಿಂದೆ ಬಚ್ಚಿಟ್ಟರು.

“ಶುರು ಮಾಡೋಣ್ವಾ? ಮೊದಲು ಯಾರು? ಕೂತಿರೋರಾ, ನಿಂತಿರೋರಾ?”

ಟೈ ಸರ್ ಬಾಯಿ ತೆರೆದರು. ಏನು ಹೇಳುವುದು? ಕೂತವರು ವಿದ್ಯಾರ್ಥಿಗಳಲ್ಲ ಎನ್ನುವಂತಿರಲಿಲ್ಲ. ಇವರನ್ನು ನಾನು ಕಸಕ್ಕೆ ಹಾಕಿದ್ದೆ ಎನ್ನುವಂತೆಯೂ ಇರಲಿಲ್ಲ.

“ಕೂತಿರೋರು ಮೊದಲು ಮೇಡಂ,” ಎಂದ ಉದ್ದ. “ನಿಂತಿರೋರು ಇವತ್ತಿನ ಸ್ವಯಂಸೇವಕರು. ಪಾಪ, ಬೆಳಿಗ್ಗೆಯಿಂದ ದುಡೀತಾ ಇದಾರೆ.”

ಚೂಟಿ ಎದ್ದು ಒಳಗೆ ನಡೆದಳು.

“ಹೊರಗೇನು ಗದ್ದಲ?” ಎಂದು ಎಂಜಿನಿಯರಮ್ಮ ಮೊದಲು ಕೇಳಿದ್ದು ಅದನ್ನೇ.

“ಕಕ್ಕಸ್ಸು ಕಟ್ಟಿಕೊಂಡಿದೆ ಮೇಡಂ. ನನ್ನನ್ನ ತೊಳಿ ಅಂದ್ರು. ನಾನು ಇಂಟರ್ವ್ಯೂಗೆ ಬಂದ್ಬಿಟ್ಟೆ.”

ಎಂಜಿನಿಯರಮ್ಮ ಕನ್ನಡಕ ಕೆಳಗಿಳಿಸಿ ಅವಳನ್ನೇ ನೋಡಿದಳು. ಆಮೇಲೆ ಏನೂ ಆಗದವಳಂತೆ ಲಿಫ್ಟಿನ ಹಗ್ಗ, ಭಾರ, ತಡೆ ಅಂತ ಪ್ರಶ್ನೆ ಶುರು ಮಾಡಿದಳು. ಚೂಟಿ ಬಂದದ್ದನ್ನು ಹೇಳಿದಳು. ಬರದ ಕಡೆ ಬರಲ್ಲ ಎಂದಳು. ಪಕ್ಕದಲ್ಲಿದ್ದ ತರುಣ ಅಧಿಕಾರಿಯ ಮುಖ ಮಾತ್ರ ಬರಬರುತ್ತಾ ಬಿಳಿಚಿಕೊಳ್ಳುತ್ತಿತ್ತು. ಬಂದಾಗಿನಿಂದ ಅವನು ಟೀಯ ಮೇಲೆ ಟೀ ಕುಡಿದಿದ್ದ. “ಒಂದ್ನಿಮಿಷ,” ಎಂದು ಎದ್ದು ಹೊರಗೆ ಹೋದ.

ಪಡಸಾಲೆಯಲ್ಲಿ ನಡೆದದ್ದನ್ನು ಉದ್ದ ಆಮೇಲೆ ನಟಿಸಿ ತೋರಿಸುತ್ತಿದ್ದ. ಅಧಿಕಾರಿ ತೊಡೆ ಕೂಡಿಸಿಕೊಂಡು ನಿಂತದ್ದು. ಟೈ ಸರ್ ನಗುತ್ತಾ, “ಎರಡೇ ನಿಮಿಷ ಸರ್, ಸ್ವಚ್ಛತೆ ನಡೀತಾ ಇದೆ,” ಎಂದದ್ದು. ಕೋಟುಗಳತ್ತ ತಿರುಗಿದಾಗ ಕೋಟುಗಳೆಲ್ಲ ಕಿಟಕಿಯಾಚೆ ಏನೋ ಅದ್ಭುತ ಕಂಡವರಂತೆ ಅತ್ತ ಮುಖ ಮಾಡಿದ್ದು. ಕೊನೆಗೆ ಬೇರೆ ದಾರಿ ಕಾಣದೆ ಟೈ ಸರ್ ಟೈಯನ್ನು ಹೆಗಲ ಮೇಲೆ ಎಸೆದುಕೊಂಡು, ಟೋಪಿಗಳನ್ನು ನೆಲಕ್ಕೆ ಸುರಿದು, ಬಕೆಟ್ಟು ಕೋಲು ಹಿಡಿದು ಒಳಗೆ ಹೋಗಿ ಚಿಲಕ ಹಾಕಿಕೊಂಡದ್ದು. ಒಳಗಿನಿಂದ ಗುಳುಗುಳು ಸದ್ದು. ಒಂದು ಬೈಗುಳ. ಮತ್ತೆ ಗುಳುಗುಳು. ಆಮೇಲೆ ಜಲಪಾತ.

ಹೊರಗೆ ಬಂದಾಗ ಅವರ ಪ್ಯಾಂಟು ಮೊಣಕಾಲ ತನಕ ನೆನೆದಿತ್ತು. ಆದರೂ ಅಧಿಕಾರಿಯನ್ನು ನೋಡಿ ನಕ್ಕರು. ಹಲ್ಲು ಸ್ವಲ್ಪ ಕಾಣುತ್ತಿತ್ತು. ಒಸಡು ಕಾಣುತ್ತಿರಲಿಲ್ಲ.

ಸಂಜೆ ಫಲಿತಾಂಶ ಬಂತು. ಆಯ್ಕೆಯಾದವರಲ್ಲಿ ಕೆಲವರು ಕೋಟುಗಳು. ಕೂತವರ ಪೈಕಿ ಮೌನಿ ಒಬ್ಬನೇ. ಅವನಿಗೆ ಮಾತು ಮುಗಿಸಲು ಎಂಜಿನಿಯರಮ್ಮ ಸಮಯ ಕೊಟ್ಟಿದ್ದಳಂತೆ. ಚೂಟಿಗೆ ಸಿಗಲಿಲ್ಲ. ಅವಳು ಮೌನಿಯ ಬೆನ್ನಿಗೆ ಗುದ್ದಿದಳು, ಕುಣಿದಳು. ಆಮೇಲೆ ಒಬ್ಬಳೇ ಗೋದಾಮಿಗೆ ಹೋಗಿ ಕುರ್ಚಿಯೊಂದನ್ನು ಕಾಲಿಂದ ಒದ್ದಳು. ಕಾಲು ನೋಯಿತು. ಅಳು ಬಂತು. ಅಳುವಷ್ಟು ಅತ್ತು ಮನೆಗೆ ಹೋದಳು.

ಮರುದಿನ ಪ್ರಿನ್ಸಿಪಾಲರ ಕೋಣೆಗೆ ಕರೆ ಬಂತು. ಅಪ್ಪನನ್ನೂ ಕರೆದುಕೊಂಡು ಬರಬೇಕು ಎಂದಿದ್ದರು. ಕೂಡಲೇ ಎಂದಿದ್ದರಿಂದ ಅವನು ಕೆಲಸದ ಜಾಗದಿಂದಲೇ ಬಂದ. ಕಾಲಿಗೆ ಕೆಸರು. ಅವನು ಒಳಗೆ ಕಾಲಿಡುತ್ತಲೇ ಟೈ ಸರ್ ತಮ್ಮ ಕುರ್ಚಿಯನ್ನು ಹಿಂದಕ್ಕೆ ಸರಿಸಿ ಎದ್ದು ಕಿಟಕಿ ತೆರೆದರು. ಅಪ್ಪ ಅದನ್ನು ನೋಡಿದ. ಚೂಟಿ ಅಪ್ಪ ನೋಡಿದ್ದನ್ನು ನೋಡಿದಳು.

“ನಿಮ್ಮ ಮಗಳು ಶಿಸ್ತು ಮುರಿದಿದ್ದಾಳೆ,” ಎಂದರು ಪ್ರಿನ್ಸಿಪಾಲರು.

“ಏನು ಮಾಡಿದ್ಲು ಸ್ವಾಮಿ?”

“ಹೇಳಿದ ಕೆಲಸ ಮಾಡ್ಲಿಲ್ಲ.”

“ಏನು ಕೆಲಸ ಹೇಳಿದ್ರಿ?”

ಪ್ರಿನ್ಸಿಪಾಲರು ಟೈ ಸರ್ ಮುಖ ನೋಡಿದರು. ಟೈ ಸರ್ ಫ್ಯಾನು ನೋಡಿದರು.

“ಸ್ವಚ್ಛತೆ,” ಎಂದರು ಟೈ ಸರ್.

“ಏನು ಸ್ವಚ್ಛತೆ?”

“ಕಕ್ಕಸ್ಸು ಕಣಪ್ಪಾ,” ಎಂದಳು ಚೂಟಿ. “ನೀನು ಮಾಡ್ತೀಯಲ್ಲ, ನನಗೂ ಬರುತ್ತೆ ಅಂದ್ರು.”

ಅಪ್ಪ ತನ್ನ ಕಾಲಿನ ಕೆಸರು ನೋಡಿಕೊಂಡ. ಕಚೇರಿಗಳಲ್ಲಿ ಅವನು ಯಾವತ್ತೂ ಸುಮ್ಮನಿರುವವನೇ. ಚೂಟಿಗೆ ಅವನು ಈಗ ಕೈ ಮುಗಿದು ಕ್ಷಮೆ ಕೇಳಿಬಿಡುತ್ತಾನೇನೋ ಎಂದು ಭಯವಾಯಿತು. ಅವನು ಕೈ ಮುಗಿಯಲಿಲ್ಲ. ತಲೆ ಕೆರೆದುಕೊಂಡ.

“ನನ್ನನ್ನ ಕರೀಬೇಕಿತ್ತು ಸ್ವಾಮಿ,” ಎಂದ. “ಊರಿನ ಎಷ್ಟೋ ದೊಡ್ಡವರ ಮನೇದು ನಾನೇ ಬಿಡಿಸಿದೀನಿ. ನಿಮ್ಮ ಮನೇದೂ ಹೋದ ವರ್ಷ ಬಿಡಿಸಿದ್ದೆ, ನೆನಪಿದೆಯಾ? ಆಗ ನಿಮ್ಮ ಮಗನನ್ನ ನಾನು ಕರೀಲಿಲ್ಲ. ಅವನು ಓದ್ತಾ ಇದ್ದ.”

ಪ್ರಿನ್ಸಿಪಾಲರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಚೂಟಿಗೆ ತಡೆಯಲಾಗಲಿಲ್ಲ.

“ಬರೀರಿ ಸರ್. ಕಕ್ಕಸ್ಸು ತೊಳೀಲಿಲ್ಲ, ಕುರ್ಚಿ ಮೇಲೆ ಕೂತ್ಲು, ಅದಕ್ಕೆ ಈ ಶಿಕ್ಷೆ ಅಂತ ದೊಡ್ಡಕ್ಷರದಲ್ಲಿ ಬರೆದು ಗೇಟಿಗೆ ಹಾಕಿಸಿ. ಅಂಟಿಸೋ ಕೆಲಸ ಬೇಕಾದ್ರೆ ನಾವೇ ಮಾಡ್ತೀವಿ. ರೂಢಿ ಇದೆ.”

ಪ್ರಿನ್ಸಿಪಾಲರು ಏನನ್ನೂ ಬರೆಯಲಿಲ್ಲ. ಕೊನೆಗೆ ಗಂಟಲು ಸರಿಮಾಡಿಕೊಂಡು, “ಶಿಕ್ಷೆ ಏನೂ ಬೇಡ. ಆದರೆ ಸೇವೆ ಪೂರ್ತಿ ಮಾಡದವರಿಗೆ ನಮ್ಮ ಸರ್ಟಿಫಿಕೇಟ್ ಸಿಗಲ್ಲ. ಇಂಟರ್ನ್‌ಶಿಪ್ ನೀವೇ ಹುಡುಕ್ಕೊಳ್ಳಿ,” ಎಂದರು.

“ಹುಡುಕ್ಕೊಂಡು ಬಂದ್ರೆ ಒಪ್ತೀರಾ ಸರ್?”

ಟೈ ಸರ್ ನಕ್ಕರು. “ಹುಡುಕು ನೋಡೋಣ.”

“ನಿಮ್ಮನ್ನಲ್ಲ ಸರ್ ಕೇಳಿದ್ದು.”

“ಒಪ್ತೀನಿ,” ಎಂದರು ಪ್ರಿನ್ಸಿಪಾಲರು, ಬೇಗ ಮುಗಿದರೆ ಸಾಕೆಂಬಂತೆ. ಅಪ್ಪ ಹೊರಗೆ ಬರುತ್ತಾ ಬಾಗಿಲಲ್ಲಿ ನಿಂತು, “ಗಾಳಿ ಬರ್ತಾ ಇದೆಯಾ ಸ್ವಾಮಿ?” ಎಂದು ಟೈ ಸರ್ ಅವರನ್ನು ಕೇಳಿದ.

ಅದಾದ ಮೇಲೆ ಟೋಪಿ ತೆಗೆದವರೆಲ್ಲ ಊರಾಚೆಯ ಕಾರ್ಖಾನೆಗಳ ರಸ್ತೆ ಹಿಡಿದರು. ಬಯೋಡೇಟಾ ಕಂಕುಳಲ್ಲಿ. ನೆತ್ತಿಯ ಮೇಲೆ ಬಿಸಿಲು. ಮೌನಿಗೆ ಜಾಗ ಸಿಕ್ಕಿತ್ತು, ಆದರೂ ಅವನು ಬಂದ. ಯಾಕೆ ಬಂದೆಯೋ ಎಂದರೆ, “ಸು... ಸುಮ್ನೆ,” ಎಂದ. ಒಂದು ಗೇಟಿನಲ್ಲಿ ನಾಯಿ ಅಟ್ಟಿಸಿಕೊಂಡು ಬಂತು. ಇನ್ನೊಂದರಲ್ಲಿ ಮೂಟೆ ಇಳಿಸುವವರು ಬಂದರೆಂದು ತಿಳಿದು ಹಿಂಬಾಗಿಲಿಗೆ ಕಳಿಸಿದರು. ಮತ್ತೊಂದರಲ್ಲಿ, ಮುಷ್ಕರ ಮಾಡುವವರೇನೋ ಎಂದು ಹೆದರಿ ಗೇಟೇ ಮುಚ್ಚಿದರು. ಹೊಸ ಬೂಟು ಕಚ್ಚಿ ಉದ್ದನ ಹಿಮ್ಮಡಿಯಲ್ಲಿ ಬೊಕ್ಕೆಗಳೆದ್ದವು. ಅವನು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ನಡೆದ. “ಇದೇ ನನ್ನ ಬಯೋಡೇಟಾ,” ಎಂದ.

ಹೀಗೆ ಅಲೆದು ಅಲೆದು ಒಂದು ದಿನ ಮಧ್ಯಾಹ್ನ ಪಂಪು ತಯಾರಿಸುವ ಕಾರ್ಖಾನೆಯೊಂದರ ಮುಂದೆ ನಿಂತರು. ಅಲ್ಲಿ ಕೆಲವರಿಗೆ ಜಾಗ ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ. ಸಿಗದವರಿಗೆ ಪಕ್ಕದ ರಸ್ತೆಯ ಕಾರ್ಖಾನೆಗಳಲ್ಲಿ ಸಿಗುವ ತನಕ ಉಳಿದವರು ಜೊತೆಗೆ ಅಲೆದರು. ಚೂಟಿ ಅಲ್ಲೇ ಸೇರಿದಳು. ಅವಳ ಡಿಗ್ರಿಯೂ ಬಂತು. ಆದರೆ ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಅವರ ಕೈಯಲ್ಲಿ ಏನೂ ಇರಲಿಲ್ಲ. ಗೇಟಿನ ಕಾವಲುಗಾರ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಏನು ಬೇಕು?”

“ಇಂಟರ್ನ್‌ಶಿಪ್ ಬೇಕಣ್ಣ. ಒಳಗೆ ಯಾರನ್ನಾದ್ರೂ ಕೇಳ್ಬೇಕು.”

“ಯಾರ ಕಡೆಯೋರು ನೀವು?”

“ಯಾರ ಕಡೆಯೋರೂ ಅಲ್ಲ.”

“ಮತ್ತೆ ಕಳಿಸಿದ್ದು ಯಾರು?”

“ಯಾರೂ ಕಳಿಸಿಲ್ಲ. ನಾವೇ ಬಂದಿದೀವಿ.”

ಕಾವಲುಗಾರನಿಗೆ ಇಂಥ ಉತ್ತರ ಹೊಸದು. ಅವನು ಒಳಗೆ ಫೋನು ಮಾಡಿದ. “ಯಾರೋ ಹುಡುಗ್ರು ಸರ್. ಯಾರ ಕಡೆಯೋರೂ ಅಲ್ವಂತೆ. ಹೂಂ ಸರ್, ತಾವೇ ಬಂದಿದಾರಂತೆ,” ಎಂದ. ಆಚೆಯಿಂದ ಏನು ಹೇಳಿದರೋ, ತುಸು ಹೊತ್ತು ಕೇಳಿಸಿಕೊಂಡು ಫೋನಿಟ್ಟ. ಪಕ್ಕದ ಕಿರುಬಾಗಿಲ ಅಗುಳಿ ಸರಿಸಿದ.

“ಬನ್ನಿ. ಒಬ್ಬೊಬ್ರಾಗಿ, ತಲೆ ಬಗ್ಗಿಸ್ಕೊಂಡು ಬನ್ನಿ.”

ಚೂಟಿ ಕಿರುಬಾಗಿಲನ್ನು ನೋಡಿದಳು. ಹಿಂದೆ ನಿಂತ ಉದ್ದನನ್ನು ನೋಡಿದಳು. ಲಾರಿಗಳು ಓಡಾಡುವ ಕಬ್ಬಿಣದ ದೊಡ್ಡ ಗೇಟಿಗೆ ಅಂಗೈಯಿಂದ ತಟ್ಟಿದಳು.

“ಇದನ್ನೇ ತೆಗೀರಿ ಅಣ್ಣ,” ಎಂದಳು. “ನಾವು ತುಂಬಾ ಜನ ಇದೀವಿ.”